ಫಿಶರ್ ಆಪರೇಷನ್: ಸಹಿ ಹಾಕುವ ಮೊದಲು ಒಂಬತ್ತು ಸೂತ್ರಗಳು

ಪೈಲ್ಸ್ ಎಂದು ತೋರಿಸಿಕೊಳ್ಳಲು ಬಂದವರಲ್ಲಿ ಕೆಲವರು ಡಾಕ್ಟರ ಎದುರಿನ ಕುರ್ಚಿಯಲ್ಲಿ ಪೂರಾ ಕೂರುವುದಿಲ್ಲ. ಅಂಚಿನಲ್ಲಿ ಒಂದು ಪಕ್ಕಕ್ಕೆ ಭಾರ ಹಾಕಿ, ಇನ್ನೊಂದು ಪಕ್ಕವನ್ನು ಎತ್ತಿ ಹಿಡಿದುಕೊಂಡೇ ಮಾತು ಶುರುಮಾಡುತ್ತಾರೆ. ಪಳಗಿದ ಸರ್ಜನ್‌ಗೆ ಅಷ್ಟರಲ್ಲೇ ಅನುಮಾನ ಬಂದಿರುತ್ತದೆ: ಇದು ಫಿಶರ್, ಮಲದ್ವಾರದ ಒಳಪದರ ಸೀಳಿ ಆದ ಗಾಯ. ಆರರಿಂದ ಎಂಟು ವಾರ ಕಳೆದರೂ ಮಾಯದಿದ್ದರೆ ಅದು ಹಳೆಯ ಫಿಶರ್. ಆಪರೇಷನ್ನಿನ ಮಾತು ಬರುವುದು ಆಗ. ನೋವು ತಡೆಯಲಾರದವರು "ಏನಾದರೂ ಮಾಡಿ ಮುಗಿಸಿಬಿಡಿ ಸಾರ್" ಎಂದು ಆವತ್ತೇ ಸಹಿ ಹಾಕುತ್ತಾರೆ, ಹೆದರಿದವರು ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ಓಡಾಡುತ್ತಾರೆ. ಇಬ್ಬರೂ ಲಾಭ ನಷ್ಟ ಕೂಡಿಸಿ ನೋಡಿರುವುದಿಲ್ಲ.

1. ರೋಗ ಯಾವುದೆಂದು ಮೊದಲು ಖಾತ್ರಿಯಾಗಲಿ

ನಮ್ಮಲ್ಲಿ ಕೆಳಗಡೆಯ ತೊಂದರೆಗಳೆಲ್ಲ ಪೈಲ್ಸೇ. ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ರಕ್ತ ಹೆಚ್ಚು, ನೋವು ಕಡಿಮೆ. ಭಗಂದರದಲ್ಲಿ ಪಕ್ಕದ ಚರ್ಮದಲ್ಲೊಂದು ತೂತಾಗಿ ಕೀವು ಒಸರುತ್ತದೆ. ಫಿಶರ್‌ನಲ್ಲಿ ಶೌಚದ ಹೊತ್ತಿಗೆ ಕೊಯ್ದಂಥ ನೋವು, ಎದ್ದ ಮೇಲೂ ಗಂಟೆಗಟ್ಟಲೆ ಉರಿ, ಜೊತೆಗೆ ನಾಲ್ಕು ಹನಿ ಕೆಂಪು ರಕ್ತ. ಹೊರಗೆ ಬೆಳೆದ ಸಣ್ಣ ಚರ್ಮದ ಗಂಟನ್ನೇ ಪೈಲ್ಸಿನ ಮೊಳಕೆ ಎಂದು ತಿಳಿದವರು ಬಹಳ. ಪರೀಕ್ಷೆಗೆ ಹೆದರಬೇಕಿಲ್ಲ. ಎಡಮಗ್ಗುಲಿಗೆ ಮಲಗಿ ಮಂಡಿ ಮಡಿಚಿಕೊಂಡರೆ, ಚರ್ಮವನ್ನು ಮೆಲ್ಲಗೆ ಬಿಡಿಸಿದಾಗಲೇ ಗಾಯ ಕಾಣುತ್ತದೆ. ನೋವು ಜೋರಾಗಿದ್ದರೆ ಬೆರಳು ಹಾಕಿ ನೋಡುವುದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ ಎಂದು ಧಾರಾಳವಾಗಿ ಕೇಳಬಹುದು.

ಗಾಯ ಇರುವ ಜಾಗವೂ ಮುಖ್ಯ. ಹತ್ತರಲ್ಲಿ ಸುಮಾರು ಒಂಬತ್ತು ಫಿಶರ್‌ಗಳು ಬೆನ್ನಿನ ಕಡೆಯ ನಡುಗೆರೆಯಲ್ಲೇ ಆಗುತ್ತವೆ. ಪಕ್ಕಕ್ಕೆ ಸರಿದಿದ್ದರೆ, ಒಂದಕ್ಕಿಂತ ಹೆಚ್ಚಿದ್ದರೆ, ಅಥವಾ ನೋವೇ ಇಲ್ಲದಿದ್ದರೆ ಕ್ಷಯ, ಕ್ರೋನ್ಸ್ ಕಾಯಿಲೆ, ಎಚ್‌ಐವಿ, ಸಿಫಿಲಿಸ್, ಕ್ಯಾನ್ಸರ್ ಇವುಗಳನ್ನು ತಳ್ಳಿಹಾಕುವ ತನಕ ಕತ್ತರಿ ಮುಟ್ಟುವಂತಿಲ್ಲ. ವಯಸ್ಸು ನಲವತ್ತೈದು ದಾಟಿ ರಕ್ತ ಹೋಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಕೊಲೊನೋಸ್ಕೋಪಿ ಬೇಕೇ ಎಂದು ಕೇಳಿ.

2. ಕತ್ತರಿಸುವುದು ಏನನ್ನು ಎಂಬುದು ಗೊತ್ತಿರಲಿ

ಗಾಯವನ್ನು ಕತ್ತರಿಸಿ ಹೊಲಿಯುತ್ತಾರೆ ಎಂದೇ ಹೆಚ್ಚಿನವರ ಎಣಿಕೆ. ನಿಜವಾಗಿ ಕತ್ತರಿ ಬೀಳುವುದು ಸ್ನಾಯುವಿನ ಮೇಲೆ.

ಮಲದ್ವಾರದ ಸುತ್ತ ಎರಡು ಬಿಗಿಸ್ನಾಯುಗಳಿವೆ. ಹೊರಗಿನದು ನಮ್ಮ ಮಾತು ಕೇಳುತ್ತದೆ, ಬಸ್ಸಿನಲ್ಲಿ ತಡೆದುಕೊಳ್ಳುವುದು ಅದರ ಬಲದಿಂದ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ. ನಿದ್ದೆಯಲ್ಲೂ ಬಿಗಿದುಕೊಂಡಿದ್ದು ಬಾಗಿಲು ಕಾಯುವುದು ಅದರ ಕೆಲಸ, ನಾವು ಸುಮ್ಮನಿರುವಾಗಿನ ಬಿಗಿತದ ಬಹುಪಾಲು ಅದರದ್ದೇ. ಗಟ್ಟಿ ಮಲ ಸೀಳಿದಾಗ ನೋವಿಗೆ ಈ ಒಳಸ್ನಾಯು ಇನ್ನಷ್ಟು ಹಿಡಿದುಕೊಳ್ಳುತ್ತದೆ. ಹಿಡಿತ ಹೆಚ್ಚಾದರೆ ಗಾಯಕ್ಕೆ ರಕ್ತ ಸಾಲದು, ರಕ್ತ ಸಾಲದಿದ್ದರೆ ಗಾಯ ಮಾಯುವುದಿಲ್ಲ. ಚಳಿಗಾಲದಲ್ಲಿ ತುಟಿಯ ಮೂಲೆ ಒಡೆದಾಗ ಆಕಳಿಸಿದಾಗಲೆಲ್ಲ ಮತ್ತೆ ಬಿರಿಯುತ್ತದಲ್ಲ, ಹಾಗೆ ಇದೂ ದಿನ ಬೆಳಗಾದರೆ ಹೊಸದಾಗಿ ಬಿರಿಯುತ್ತದೆ.

ಆದ್ದರಿಂದ ಚಿಕಿತ್ಸೆ ಯಾವುದೇ ಇರಲಿ, ಗುರಿ ಒಂದೇ: ಒಳಸ್ನಾಯುವನ್ನು ಸಡಿಲಿಸುವುದು. ಮುಲಾಮು ಕೆಲವು ಗಂಟೆ ಸಡಿಲಿಸುತ್ತದೆ, ಬೊಟಾಕ್ಸ್ ಕೆಲವು ತಿಂಗಳು. ಪಕ್ಕದಿಂದ ಆ ಸ್ನಾಯುವಿನ ಕೆಳಭಾಗದ ಎಳೆಗಳನ್ನು ಕತ್ತರಿಸುವ ಲ್ಯಾಟರಲ್ ಸ್ಫಿಂಕ್ಟರೋಟಮಿ ಶಾಶ್ವತವಾಗಿ ಸಡಿಲಿಸುತ್ತದೆ. ಅದರ ಲಾಭವೂ ಅಪಾಯವೂ ಆ 'ಶಾಶ್ವತ'ದಲ್ಲೇ ಇವೆ.

3. ಎರಡು ತಿಂಗಳು ಔಷಧಿಯನ್ನು ನೆಟ್ಟಗೆ ಮಾಡಿ ನೋಡಿ

"ಮುಲಾಮು ಹಚ್ಚಿದೆ, ಏನೂ ಆಗಲಿಲ್ಲ" ಅನ್ನುವವರನ್ನು ಕೆದಕಿ ಕೇಳಿದರೆ ಹಚ್ಚಿದ್ದು ಹತ್ತು ದಿನ. ಅದೂ ನೋವು ಬಂದಾಗ ಮಾತ್ರ. ಡಿಲ್ಟಿಯಾಜೆಮ್ ಶೇ. 2ರ ಮುಲಾಮನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಮಲದ್ವಾರದ ಅಂಚಿಗೆ ದಿನಕ್ಕೆರಡು ಬಾರಿಯಾದರೂ, ನೋವಿರಲಿ ಬಿಡಲಿ, ಆರರಿಂದ ಎಂಟು ವಾರ ಹಚ್ಚಬೇಕು. ನೈಟ್ರೋಗ್ಲಿಸರಿನ್ ಮುಲಾಮೂ ಇದೆ. ಹೃದ್ರೋಗಿಗಳು ನಾಲಿಗೆಯ ಕೆಳಗಿಡುವ ಔಷಧಿಯೇ ಅದು. ತಲೆನೋವು ತರಿಸುತ್ತದೆ, ಎಷ್ಟೋ ಜನ ಅರ್ಧಕ್ಕೇ ಬಿಡುವುದು ಇದಕ್ಕೇ. ವಯಾಗ್ರಾ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು, ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತದೆ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಜೊತೆಗೆ ಹೊಟ್ಟೆ ಕಟ್ಟದಂತೆ ನೋಡಿಕೊಳ್ಳಬೇಕು. ಇಸಬ್‌ಗೋಲ್, ಸೊಪ್ಪು, ಕಾಳು, ರಾಗಿ, ಇವುಗಳಿಗೆ ತಕ್ಕಷ್ಟು ನೀರು. ನೀರಿಲ್ಲದೆ ಇಸಬ್‌ಗೋಲ್ ನುಂಗಿದರೆ ಇನ್ನಷ್ಟು ಕಟ್ಟುತ್ತದೆ. ಶೌಚವಾದ ಮೇಲೆ ಹತ್ತು ಹದಿನೈದು ನಿಮಿಷ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು. ಡೆಟಾಲ್, ಉಪ್ಪು ಏನೂ ಬೇಡ. ಮೊಬೈಲ್ ಕಕ್ಕಸಿನ ಹೊರಗಿರಲಿ.

ಮುಲಾಮಿನಿಂದ ಸುಮಾರು ಅರ್ಧದಷ್ಟು ಜನರ ಹಳೆಯ ಫಿಶರ್ ಮಾಯುತ್ತದೆ, ಅವರಲ್ಲೂ ಹಲವರಿಗೆ ಮರುಕಳಿಸುತ್ತದೆ. ಕಡಿಮೆ ಅನ್ನಿಸಬಹುದು. ಆದರೆ ಎರಡರಲ್ಲಿ ಒಬ್ಬರು ಏನನ್ನೂ ಕತ್ತರಿಸಿಕೊಳ್ಳದೆ ಪಾರಾಗುವುದಾದರೆ ನಾನಂತೂ ಆ ಎರಡು ತಿಂಗಳು ಕೊಟ್ಟು ನೋಡುತ್ತೇನೆ.

4. ಬೊಟಾಕ್ಸನ್ನೂ ಕೇಳಿ

ಸುಕ್ಕು ಹೋಗಲಾಡಿಸುವ ಇಂಜೆಕ್ಷನ್ನೇ. ಒಳಸ್ನಾಯುವಿಗೆ ಕೊಟ್ಟರೆ ಎರಡು ಮೂರು ತಿಂಗಳು ಸಡಿಲವಾಗಿರುತ್ತದೆ, ಅಷ್ಟರಲ್ಲಿ ಗಾಯ ಮಾಯಬಹುದು. ಹಿಡಿತ ತಪ್ಪಿದರೂ ತಾತ್ಕಾಲಿಕ. ದುಬಾರಿ, ಆಪರೇಷನ್ನಿನಷ್ಟು ಗ್ಯಾರಂಟಿಯೂ ಇಲ್ಲ. ಸ್ನಾಯು ಕತ್ತರಿಸಿದರೆ ಹೇಗಿರುತ್ತದೋ ಎಂದು ಅಂಜುವವರಿಗೆ ಇದೊಂದು ತಾಲೀಮು.

5. ಅಪಾಯದ ಅಂಕಿಯನ್ನು ಬಿಡಿಸಿ ನೋಡಿ

ಸ್ಫಿಂಕ್ಟರೋಟಮಿಯಿಂದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರ ಗಾಯ ಮಾಯುತ್ತದೆ. ಇದಕ್ಕೆ ಸಮನಾದ ಚಿಕಿತ್ಸೆ ಇನ್ನೊಂದಿಲ್ಲ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ಹಿಡಿತ ತಪ್ಪುವ ಭಯ. 2013ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 22 ಅಧ್ಯಯನಗಳ ನಾಲ್ಕೂವರೆ ಸಾವಿರ ರೋಗಿಗಳ ಲೆಕ್ಕ ತೆಗೆಯಿತು. ವರ್ಷಗಳಾದ ಮೇಲೂ ಒಂದಲ್ಲ ಒಂದು ಬಗೆಯಲ್ಲಿ ಹಿಡಿತ ಕಡಿಮೆಯಾದವರು ಶೇ. 14ರಷ್ಟು.

ಈ ಹದಿನಾಲ್ಕನ್ನು ಕೇಳಿ ಎದ್ದು ಹೋಗಬೇಡಿ, ಒಳಗೆ ಏನಿದೆ ನೋಡಿ. ಗಾಳಿ ತಡೆಯಲಾಗದವರು ಸುಮಾರು ಶೇ. 9. ಒಳಉಡುಪಿಗೆ ಸ್ವಲ್ಪ ತೇವ, ಕಲೆ ಆಗುವವರು ಶೇ. 6. ಮಲವೇ ತಪ್ಪಿಹೋಗುವವರು ನೂರಕ್ಕೆ ಒಬ್ಬರಿಗೂ ಕಡಿಮೆ. "ಏನೂ ಆಗಲ್ಲ ಬಿಡಿ" ಅನ್ನುವ ಸರ್ಜನ್ ಹೇಳದೆ ಬಿಡುವುದು ಮೊದಲಿನ ಎರಡನ್ನು. "ಆಪರೇಷನ್ ಆದರೆ ಡಯಾಪರೇ ಗತಿ" ಅನ್ನುವ ನೆಂಟರು ಹೆದರುವುದು ಕೊನೆಯದಕ್ಕೆ. ಈಗ ನಿಮ್ಮ ಬದುಕಿಗೆ ಹೊಂದಿಸಿ ನೋಡಿ. ಹೊಲದಲ್ಲಿ ದುಡಿಯುವವರಿಗೆ ಒಂದು ಹೂಸು ಜಾರಿದರೆ ನಗೆಯ ವಿಷಯ. ದಿನಕ್ಕೆ ಐದು ಸಲ ನೆಲಕ್ಕೆ ಹಣೆ ಹಚ್ಚಿ ನಮಾಜು ಮಾಡುವವರಿಗೆ, ವೇದಿಕೆಯಲ್ಲಿ ಕುಣಿಯುವ ಭರತನಾಟ್ಯದ ಟೀಚರಿಗೆ ಅದೇ ಒಂಬತ್ತು ಬೇರೆ ತೂಕದ್ದು.

ರಕ್ತಸ್ರಾವ, ಕೀವು, ಕೆಲವು ಗಂಟೆ ಮೂತ್ರ ಕಟ್ಟುವುದು, ಅಪರೂಪಕ್ಕೆ ಭಗಂದರ, ಇವೂ ಪಟ್ಟಿಯಲ್ಲಿವೆ. ಆದರೆ ಇವಕ್ಕೆ ಮದ್ದಿದೆ.

6. ನಿಮ್ಮ ಸ್ನಾಯುವಿನ ಪೂರ್ವಕಥೆ ಮುಚ್ಚಿಡಬೇಡಿ

ಆ ಶೇ. 14 ಸರಾಸರಿ. ನಿಮ್ಮದು ಅದಕ್ಕಿಂತ ತೀರಾ ಕಡಿಮೆ ಇರಬಹುದು, ತೀರಾ ಹೆಚ್ಚೂ ಇರಬಹುದು. ಮೂವತ್ತರ ಆಸುಪಾಸಿನ, ಯಾವ ಆಪರೇಷನ್ನೂ ಆಗಿರದ, ಮಲಬದ್ಧತೆಯ ಗಂಡಸು ಒಳ್ಳೆಯ ಅಭ್ಯರ್ಥಿ. ಹೆಂಗಸರ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. ಅವರ ಗುದನಾಳ ಗಿಡ್ಡ, ಸಾಮಾನ್ಯ ಹೆರಿಗೆಯಲ್ಲಿ ಸ್ನಾಯು ಹರಿದು ಗೊತ್ತೇ ಆಗದೆ ಉಳಿದಿರಬಹುದು. ವಯಸ್ಸಿರುವಾಗ ಹೊರಸ್ನಾಯು ಆ ಕೊರತೆಯನ್ನು ತುಂಬಿಕೊಡುತ್ತದೆ. ಒಳಸ್ನಾಯುವನ್ನೂ ಕತ್ತರಿಸಿದರೆ, ಮುಟ್ಟು ನಿಂತ ಮೇಲೆ ಲೆಕ್ಕ ಎದುರಿಗೆ ಬಂದು ನಿಲ್ಲುತ್ತದೆ. "ಫೋರ್ಸೆಪ್ಸ್ ಹಾಕಿದ್ದರು", "ಹೊಲಿಗೆ ಜಾಸ್ತಿ ಬಿದ್ದಿತ್ತು", "ಮಗು ನಾಲ್ಕು ಕೆಜಿ ಇತ್ತು", ಇವು ಇಪ್ಪತ್ತು ವರ್ಷದ ಹಿಂದಿನ ಮಾತಾದರೂ ಸರ್ಜನ್‌ಗೆ ಬೇಕು.

ಬಾಣಂತಿಯರಿಗೆ ಬರುವ ಫಿಶರ್‌ನಲ್ಲಿ ಎಷ್ಟೋ ಸಲ ಸ್ನಾಯು ಬಿಗಿಯಾಗಿರುವುದೇ ಇಲ್ಲ. ಬಿಗಿ ಇಲ್ಲದ್ದನ್ನು ಕತ್ತರಿಸಿ ಪ್ರಯೋಜನವೇನು? ಹಳೆಯ ಭೇದಿ, ಐಬಿಎಸ್, ಬಹುಕಾಲದ ಸಕ್ಕರೆ ಕಾಯಿಲೆ, ಹಿಂದೆ ಆದ ಪೈಲ್ಸ್ ಅಥವಾ ಭಗಂದರದ ಆಪರೇಷನ್ ಇದ್ದವರೂ ಇದೇ ಸಾಲಿಗೆ. ಇಂಥವರು ಸ್ನಾಯುವಿನ ಒತ್ತಡ ಅಳೆಯುವ ಮ್ಯಾನೋಮೆಟ್ರಿ, ಗುದದ ಒಳಗಿನ ಅಲ್ಟ್ರಾಸೌಂಡ್ ಮಾಡಿಸಿಕೊಂಡೇ ಮುಂದಿನ ಮಾತಾಡಬೇಕು. ಸ್ನಾಯು ಮುಟ್ಟದೆ, ಪಕ್ಕದ ಚರ್ಮ ಜರುಗಿಸಿ ಗಾಯ ಮುಚ್ಚುವ ಫ್ಲ್ಯಾಪ್ ಆಪರೇಷನ್ ಇವರಿಗೆಂದೇ ಇದೆ.

7. ಲೇಸರ್ ಬೋರ್ಡು ನೋಡಿ ತೀರ್ಮಾನ ಮಾಡಬೇಡಿ

ಬಸ್ ಸ್ಟ್ಯಾಂಡಿನ ಗೋಡೆಯಿಂದ ಫೇಸ್‌ಬುಕ್ ತನಕ "ನೋವಿಲ್ಲ, ಗಾಯವಿಲ್ಲ, ಅರ್ಧ ಗಂಟೆಯಲ್ಲಿ ಮನೆಗೆ". ಒಂದೇ ಪ್ರಶ್ನೆ ಕೇಳಿ: ಒಳಸ್ನಾಯುವನ್ನು ಕತ್ತರಿಸುತ್ತೀರಾ ಇಲ್ಲವಾ? ಹೌದಾದರೆ, ಚಾಕುವಿನಿಂದಾದರೇನು ಲೇಸರಿನಿಂದಾದರೇನು, ಐದನೇ ಸೂತ್ರದ ಲೆಕ್ಕ ಅಲ್ಲೂ ಅನ್ವಯ. ಇಲ್ಲವಾದರೆ, ಬಿಗಿತ ಹೇಗೆ ಇಳಿಯುತ್ತದೆ ಎಂದು ವಿವರಿಸಲಿ. ಮತ್ತು ಮಂಪರು ಕೊಟ್ಟು ಬೆರಳುಗಳಿಂದ ಮಲದ್ವಾರ ಹಿಗ್ಗಿಸುವ ಹಳೆಯ ಪದ್ಧತಿಗೆ ಯಾರಾದರೂ ಕರೆದರೆ ಒಪ್ಪಬೇಡಿ. ಅದರಲ್ಲಿ ಯಾವ ಎಳೆ ಎಷ್ಟು ಹರಿಯಿತೆಂದು ಹರಿದವರಿಗೂ ಗೊತ್ತಾಗುವುದಿಲ್ಲ. 1969ರಲ್ಲಿ ನೊಟಾರಸ್ ಎಂಬ ಸರ್ಜನ್ ಪಕ್ಕದಿಂದ, ಚರ್ಮದಡಿಯಲ್ಲಿ ಅಳತೆ ಹಿಡಿದು ಕತ್ತರಿಸುವ ಕ್ರಮವನ್ನು ವಿವರಿಸಿದ ಮೇಲೆ ಆ ಎಳೆದಾಟಕ್ಕೆ ಕಾರಣವೇ ಉಳಿದಿಲ್ಲ.

8. ಮಾಡಿಸದೆ ಇರುವುದಕ್ಕೂ ಬೆಲೆ ಇದೆ

ಅಪಾಯದ ಮಾತು ಇಷ್ಟು ಆಡಿದ ಮೇಲೆ ಇದನ್ನೂ ಹೇಳಬೇಕು. ಬೆಳಗ್ಗೆ ಕಕ್ಕಸಿಗೆ ಹೋಗಲು ಹೆದರಿ ರಾತ್ರಿ ಊಟ ಬಿಡುವವರಿದ್ದಾರೆ. ಪ್ರಯಾಣ, ಮದುವೆ ಮನೆ, ಕೂತು ಮಾಡುವ ಕೆಲಸ ಎಲ್ಲ ತಪ್ಪಿಸಿಕೊಂಡು, ದಿನಾ ನೋವಿನ ಮಾತ್ರೆ ನುಂಗಿ ಹೊಟ್ಟೆ, ಮೂತ್ರಪಿಂಡ ಹಾಳುಮಾಡಿಕೊಳ್ಳುವವರಿದ್ದಾರೆ. ಎರಡು ತಿಂಗಳ ಔಷಧಿ ಸೋತಿದ್ದು, ಸ್ನಾಯು ಬಿಗಿಯಿದ್ದು, ಆರನೇ ಸೂತ್ರದ ಯಾವ ತೊಡಕೂ ಇಲ್ಲದಿದ್ದರೆ ಆಪರೇಷನ್ ಮುಂದೂಡುವುದು ಜಾಣತನವಲ್ಲ. ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ಹಳೆಯ ನೋವು ಇಳಿದಿರುತ್ತದೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ.

9. ಕೇಳುವುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ

ಎಷ್ಟು ಎತ್ತರಕ್ಕೆ ಕತ್ತರಿಸುತ್ತೀರಿ? ಗಾಯದ ತುದಿಯ ಮಟ್ಟಕ್ಕೆ ನಿಲ್ಲಿಸಿದರೆ ಹಿಡಿತ ತಪ್ಪುವುದು ಕಡಿಮೆ, ಮರುಕಳಿಸುವ ಸಾಧ್ಯತೆ ತುಸು ಹೆಚ್ಚು. ಮರುಕಳಿಸಿದರೆ ಇನ್ನೊಮ್ಮೆ ನೋಡಬಹುದು, ಕತ್ತರಿಸಿದ್ದನ್ನು ಮತ್ತೆ ಕೂಡಿಸುವುದು ಕಷ್ಟ. ಹಾಗಾಗಿ ನನ್ನ ಮತ ಕಡಿಮೆ ಕತ್ತರಿಸುವುದಕ್ಕೇ. ನೀವು ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ, ಗಾಳಿಯ ಹಿಡಿತ ತಪ್ಪಿದವರು ಎಷ್ಟು? ಈ ಪ್ರಶ್ನೆಗೆ ಸಿಡುಕಿದರೆ ಬೇರೆ ಡಾಕ್ಟರನ್ನು ನೋಡಿ. ಇನ್ಶೂರೆನ್ಸ್ ಕಾಗದವನ್ನೂ ಒಮ್ಮೆ ತೆರೆಯಿರಿ, ಪೈಲ್ಸ್, ಫಿಶರ್, ಭಗಂದರಗಳಿಗೆ ಎರಡು ವರ್ಷದ ಕಾಯುವ ಅವಧಿ ಇಟ್ಟಿರುವ ಪಾಲಿಸಿಗಳು ಬಹಳ.

ಆಪರೇಷನ್ ಆದ ಮೇಲೂ ಇಸಬ್‌ಗೋಲ್, ಟಬ್ಬಿನ ನೀರು ಮುಂದುವರಿಯಬೇಕು. ಮೊದಲ ವಾರ ಒಂದಿಷ್ಟು ರಕ್ತದ ಕಲೆ, ಗಾಳಿಯ ಎಡವಟ್ಟು ಸಹಜ, ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ. ಜ್ವರ, ಊತ, ಏರುತ್ತಿರುವ ನೋವು, ನಿಲ್ಲದ ರಕ್ತ, ಕಟ್ಟಿಕೊಂಡ ಮೂತ್ರ ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ.