ನಡುಗುವ ಗುರುಗ್ರಹ: ಅಸ್ಥಿರ ಗಾಳಿಯಲ್ಲಿ ತೆಗೆದ ಚಿತ್ರದಿಂದ ಒಂದು ಪಾಠ

2025ರ ಜನವರಿಯಲ್ಲಿ ದಾವಣಗೆರೆ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದಲ್ಲಿದ್ದಾಗ 8ನೇ ತರಗತಿಗೆ ಸೌರವ್ಯೂಹದ ಪಾಠ ನನ್ನ ಪಾಲಿಗೆ ಬಂತು. ಗುರುಗ್ರಹ ಆಗ ಸಂಜೆಯಿಂದಲೇ ಆಕಾಶದಲ್ಲಿ ಎತ್ತರದಲ್ಲಿತ್ತು. ನಮ್ಮ ಕಾಲೇಜಿನ ಬೀರುವಿನಲ್ಲಿ 130 ಮಿ.ಮೀ. ಕನ್ನಡಿಯ ಒಂದು ದೂರದರ್ಶಕವೂ ಇತ್ತು. ಇಷ್ಟು ಒದಗಿ ಬಂದಾಗ ಸುಮ್ಮನಿರಲು ಮನಸ್ಸಾಗಲಿಲ್ಲ.

ಪ್ರೇರಣಾ ಹಂತದಲ್ಲಿ ಹಬಲ್ ದೂರದರ್ಶಕ ತೆಗೆದ ಗುರುವಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿದೆ. ಪಟ್ಟಿಗಳು, ಸುಳಿಗಳು, ಕೆಂಪು ಕಲೆ ಎಲ್ಲವೂ ಇದ್ದ ಚಿತ್ರ. ತರಗತಿ ನಿಶ್ಶಬ್ದವಾಯಿತು. ಆ ಉತ್ಸಾಹದಲ್ಲಿ, ಪಾಠ ಯೋಜನೆಯಲ್ಲಿ ಇಲ್ಲದ ಒಂದು ಮಾತು ಸೇರಿಸಿದೆ: “ಶುಕ್ರವಾರ ರಾತ್ರಿ ಇದನ್ನೇ ನೀವು ನಿಮ್ಮ ಕಣ್ಣಿನಿಂದ ನೋಡ್ತೀರಿ.” ಮುಂದಿನ ತೊಂದರೆಗೆಲ್ಲ ಆ ‘ಇದನ್ನೇ’ ಎಂಬ ಒಂದು ಪದವೇ ಕಾರಣ.

ಶುಕ್ರವಾರ ಹನ್ನೊಂದು ಮಕ್ಕಳು ಹಿರಿಯರ ಜೊತೆ ನಾನು ಬಾಡಿಗೆಗಿದ್ದ ಮನೆಗೆ ಬಂದರು. ದೂರದರ್ಶಕವನ್ನು ತಾರಸಿಯ ಮೇಲೆ ಇಟ್ಟಿದ್ದೆ. ಆಕಾಶ ತೊಳೆದಿಟ್ಟಂತೆ ಶುಭ್ರವಾಗಿತ್ತು, ನಕ್ಷತ್ರಗಳು ಚೆನ್ನಾಗಿ ಮಿನುಗುತ್ತಿದ್ದವು. ಒಳ್ಳೆಯ ರಾತ್ರಿ ಸಿಕ್ಕಿತೆಂದು ಸಂತೋಷಪಟ್ಟೆ. ಆದರೆ ಐಪೀಸಿನಲ್ಲಿ ಕಂಡದ್ದು ಕುದಿಯುವ ನೀರಿನ ತಳದಲ್ಲಿರುವ ಕಾಸಿನಂತೆ ನಡುಗುವ ಒಂದು ಬಿಳಿ ಬಿಲ್ಲೆ. ಪಕ್ಕದಲ್ಲಿ ನಾಲ್ಕು ಚುಕ್ಕಿಗಳು. ಚುಕ್ಕಿಗಳನ್ನು ಕಂಡು ಮಕ್ಕಳು ಖುಷಿಪಟ್ಟದ್ದು ನಿಜ. ಆದರೆ ಒಬ್ಬ ಹುಡುಗಿ ಎರಡು ಸಲ ನೋಡಿ ನನ್ನ ಕಡೆ ತಿರುಗಿದಳು. “ಮಿಸ್, ಅವತ್ತು ಕ್ಲಾಸಲ್ಲಿ ತೋರ್ಸಿದ್ದು ಮತ್ತೆ ಯಾವ್ದು?”

ಕೇಳಿದ್ದು ಸೌಮ್ಯವಾಗಿಯೇ. ಆದರೆ ನಾನು ಹೇಳಿದ್ದನ್ನು ನಂಬಬೇಕೋ ಬೇಡವೋ ಎಂಬ ಪ್ರಶ್ನೆ ಅದರಲ್ಲಿತ್ತು. ಮುಂದಿನ ವಾರ ಅದೇ ತರಗತಿಯಲ್ಲಿ ನನ್ನ ಮೌಲ್ಯಮಾಪನದ ಪಾಠವಿತ್ತು. ಬೇರೆ ಘಟಕ ತೆಗೆದುಕೊಂಡು ಪಾರಾಗುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೊನೆಗೆ ಅವಳ ಪ್ರಶ್ನೆಯನ್ನೇ ಪಾಠವಾಗಿಸಲು ನಿರ್ಧರಿಸಿದೆ.

ಮೊದಲು ನಾನೇ ಕಲಿಯಬೇಕಿತ್ತು. ಶುಭ್ರವಾದ ಆಕಾಶವೂ ಸ್ಥಿರವಾದ ಗಾಳಿಯೂ ಒಂದೇ ಅಲ್ಲ. ಬೇರೆ ಬೇರೆ ಉಷ್ಣತೆಯ ಗಾಳಿಯ ಪದರಗಳು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುತ್ತವೆ. ನಾವು ಬೋಧಿಸುವ ಅದೇ ವಕ್ರೀಭವನ. ಆ ಪದರಗಳು ಕಲಸಿಕೊಂಡಾಗ ನಕ್ಷತ್ರ ಮಿನುಗುತ್ತದೆ, ಗ್ರಹದ ಅಂಚು ನಡುಗುತ್ತದೆ. ಎಂದರೆ ನಕ್ಷತ್ರಗಳು ಹೊಳೆಹೊಳೆದು ಮಿನುಗುವ ರಾತ್ರಿಯೇ ಗ್ರಹದ ಚಿತ್ರಕ್ಕೆ ಕೆಟ್ಟ ರಾತ್ರಿ. ತೆಳುವಾದ ಮಂಜು ಕವಿದು ಗಾಳಿ ಅಲುಗದ ರಾತ್ರಿ ಎಷ್ಟೋ ಮೇಲು. ಗ್ರಹದ ಬೆಳಕು ಸ್ವಲ್ಪ ಕುಗ್ಗಬಹುದು, ಅಂಚು ಮಾತ್ರ ನಿಲ್ಲುತ್ತದೆ. ಸಾಲದ್ದಕ್ಕೆ ನಾನು ಆರಿಸಿದ ಜಾಗ ಹಗಲೆಲ್ಲ ಕಾದು ರಾತ್ರಿ ಶಾಖ ಬಿಡುವ ಸಿಮೆಂಟಿನ ತಾರಸಿ. ಮನೆಯೊಳಗಿಂದ ತಂದ ದೂರದರ್ಶಕದ ಕನ್ನಡಿಯೂ ಇನ್ನೂ ಬೆಚ್ಚಗಿತ್ತು.

ಗಾತ್ರದ ಲೆಕ್ಕವನ್ನೂ ಮಾಡಿದೆ. ಒಂದು ಡಿಗ್ರಿಯ 3600ನೇ ಒಂದು ಭಾಗಕ್ಕೆ ವಿಕಲೆ ಎನ್ನುತ್ತೇವೆ. ಪೂರ್ಣಚಂದ್ರ ಸುಮಾರು 1800 ವಿಕಲೆ ಅಗಲ, ಆ ತಿಂಗಳ ಗುರು ಸುಮಾರು 45. ಗಾಳಿ ಕೆಟ್ಟಾಗ ಮಸುಕೇ ಎರಡು ಮೂರು ವಿಕಲೆ ಆಗುತ್ತದೆ. ಗುರುವಿನ ಮೈಮೇಲಿನ ಸಣ್ಣ ವಿವರಗಳೆಲ್ಲ ಅದರಲ್ಲಿ ಅಳಿಸಿಹೋಗುತ್ತವೆ. 130 ಪಟ್ಟು ವರ್ಧನೆಯಲ್ಲಿ ಗುರು ಬರಿಗಣ್ಣಿನ ಚಂದ್ರನ ಮೂರು ಪಟ್ಟು ಕಾಣಬೇಕೆಂದು ಲೆಕ್ಕ ಹೇಳುತ್ತದೆ. ಮಕ್ಕಳು ಮಾತ್ರ “ಕಡಲೆಕಾಳಿನಷ್ಟು” ಎಂದರು. ಎರಡನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದೆ.

ಭಾನುವಾರ ದೂರದರ್ಶಕವನ್ನು ಹಿತ್ತಲಿಗೆ, ಮಣ್ಣಿನ ನೆಲಕ್ಕೆ ಇಳಿಸಿದೆ. ಒಂದು ಗಂಟೆ ಮೊದಲೇ ಹೊರಗಿಟ್ಟು ಕನ್ನಡಿ ತಣಿಯಲು ಬಿಟ್ಟೆ. ಗುರು ನೆತ್ತಿಯ ಹತ್ತಿರ ಬರುವವರೆಗೆ ಕಾದೆ. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವ ಗ್ರಹವನ್ನು ನೋಡುವಾಗ ನೆತ್ತಿಯ ಮೇಲಿರುವಾಗಿನ ಎರಡರಷ್ಟು ಗಾಳಿಯ ಮೂಲಕ ನೋಡುತ್ತೇವೆ. ಮೊಬೈಲನ್ನು ಐಪೀಸಿಗೆ ಹೊಂದಿಸಿ, ಫೋಟೊ ಬದಲು ವಿಡಿಯೊ ತೆಗೆದೆ. ಮೊಬೈಲನ್ನು ಅದರ ಪಾಡಿಗೆ ಬಿಟ್ಟರೆ ಗುರು ಬಿಳಿ ಲಾಡುವಿನಂತೆ ಬರುತ್ತದೆ. ಪರದೆಯ ಮೇಲೆ ಗುರುವನ್ನು ಒತ್ತಿ ಹಿಡಿದು ಬೆಳಕನ್ನು ಕೈಯಿಂದ ಇಳಿಸಬೇಕು. ಇಳಿಸಿದರೆ ಪಟ್ಟಿಗಳು ಮೂಡುತ್ತವೆ, ಉಪಗ್ರಹಗಳು ಮಾಯವಾಗುತ್ತವೆ. ಎರಡೂ ಒಂದೇ ವಿಡಿಯೊದಲ್ಲಿ ಸಿಗುವುದಿಲ್ಲ.

ನಮ್ಮ ದೂರದರ್ಶಕಕ್ಕೆ ಮೋಟಾರು ಇಲ್ಲ. ಭೂಮಿಯ ಭ್ರಮಣದಿಂದ ಗುರು ಐಪೀಸಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಸುಮಾರು ಒಂದೂವರೆ ನಿಮಿಷದಲ್ಲಿ ಜಾರಿಹೋಗುತ್ತದೆ. ಇದು ಕೊರತೆಯೆನಿಸಿದರೂ ಸಾಕಾಗುವಷ್ಟಾಯಿತು. ಸೆಕೆಂಡಿಗೆ 30ರಂತೆ 90 ಸೆಕೆಂಡಿಗೆ 2700 ಫ್ರೇಮುಗಳು. ಗುರು ತನ್ನ ಸುತ್ತ ಹತ್ತು ಗಂಟೆಗೂ ಸ್ವಲ್ಪ ಕಡಿಮೆ ಅವಧಿಯಲ್ಲಿ ತಿರುಗುವುದರಿಂದ, ಬಹಳ ಹೊತ್ತು ತೆಗೆದರೆ ಮೇಲ್ಮೈಯೇ ಸರಿದು ಚಿತ್ರ ಕದಡುತ್ತದೆ. ಒಂದೂವರೆ ನಿಮಿಷಕ್ಕೆ ಆ ಭಯವಿಲ್ಲ.

ವಿಡಿಯೊದ ಒಂದೊಂದು ಫ್ರೇಮೂ ಗಾಳಿಯ ಒಂದೊಂದು ಕ್ಷಣ. ನಡುನಡುವೆ, ಅದೃಷ್ಟದಿಂದ, ಗಾಳಿ ಅರೆಗಳಿಗೆ ನಿಂತ ಕ್ಷಣಗಳೂ ಇರುತ್ತವೆ. ಇಂಥ ಅದೃಷ್ಟದ ಚಿತ್ರ ಸಿಗುವ ಸಂಭವನೀಯತೆ ಎಷ್ಟು ಎಂಬುದನ್ನು ಅಮೆರಿಕದ ಡೇವಿಡ್ ಫ್ರೈಡ್ 1978ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಸ್ಪಷ್ಟವಾದ ಫ್ರೇಮುಗಳನ್ನು ಆರಿಸಿ, ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯಬೇಕು. ಆಟೋಸ್ಟ್ಯಾಕರ್ಟ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಆಮೇಲೆ ರೆಜಿಸ್ಟ್ಯಾಕ್ಸ್‌ನಲ್ಲಿ ಚಿತ್ರವನ್ನು ಹರಿತಗೊಳಿಸಬಹುದು. 2700ರಲ್ಲಿ 270 ಆರಿಸಿದರೆ ಚಿತ್ರದ ಕಾಳುಕಾಳಾದ ಗದ್ದಲ ಸುಮಾರು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 270ರ ವರ್ಗಮೂಲ ಅಷ್ಟೇ. ನನಗೆ ಕೊನೆಗೆ ಸಿಕ್ಕಿದ್ದು ಎರಡು ಕಂದು ಪಟ್ಟಿಗಳಿರುವ ಪುಟ್ಟ ಗುರು. ಹಬಲ್ ಚಿತ್ರದ ಮುಂದೆ ಅದು ಏನೂ ಅಲ್ಲ.

ತರಗತಿಯಲ್ಲಿ ಈ ಚಿತ್ರವನ್ನು ತೋರಿಸಲಿಲ್ಲ. ಮೊದಲು ನೀರು ತುಂಬಿದ ಪಾರದರ್ಶಕ ಡಬ್ಬಿಯ ಕೆಳಗೆ ಅಕ್ಷರಗಳ ಕಾಗದ ಇಟ್ಟು, ಡಬ್ಬಿಯನ್ನು ಬೆರಳಿನಿಂದ ತಟ್ಟುತ್ತ ಓದಲು ಹೇಳಿದೆ. ನೀರು ನಿಂತ ಗಳಿಗೆಯನ್ನು ಕಾದು ಓದಬೇಕೆಂದು ಅವರೇ ಕಂಡುಕೊಂಡರು. ಆಮೇಲೆ ಸಂಸ್ಕರಿಸದ ವಿಡಿಯೊ ತೋರಿಸಿ, ಅದರಿಂದ ತೆಗೆದು ಮುದ್ರಿಸಿದ 20 ಫ್ರೇಮುಗಳನ್ನು ಗುಂಪಿಗೊಂದರಂತೆ ಹಂಚಿದೆ. ಅತ್ಯುತ್ತಮ ನಾಲ್ಕನ್ನು ಆರಿಸಿ, ಆರಿಸಿದ ಕಾರಣ ಬರೆಯಿರಿ ಎಂದೆ.

ಇಲ್ಲಿ ನಾನು ಎಣಿಸದೇ ಇದ್ದುದು ನಡೆಯಿತು. ಮೂರು ಗುಂಪುಗಳು “ಅಂಚು ಸ್ಪಷ್ಟವಾಗಿದೆ” ಎಂದು ಬರೆದಿದ್ದವು. ನಾಲ್ಕನೆಯ ಗುಂಪು ಆರಿಸಿದ್ದು ಬೇರೆಯೇ ಫ್ರೇಮುಗಳನ್ನು. ಕಾರಣ: “ಕೆಂಪು ಕಲೆ ಕಾಣುತ್ತದೆ.” ಕೆಂಪು ಕಲೆ ಅಲ್ಲಿರಲಿಲ್ಲ, ಮುದ್ರಣದ ಒಂದು ಗುರುತಿತ್ತು. ಹಬಲ್ ಚಿತ್ರ ಅವರ ಕಣ್ಣಿನಲ್ಲಿ ಕೂತಿತ್ತು, ಕೂರಿಸಿದವಳು ನಾನೇ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಮಿಸ್, ಚೆನ್ನಾಗಿರೋವನ್ನಷ್ಟೇ ಇಟ್ಕೊಂಡು ಉಳಿದಿದ್ದು ಬಿಸಾಕಿದ್ರೆ ಮೋಸ ಅಲ್ವಾ? ಲ್ಯಾಬಲ್ಲಿ ಹಂಗೆ ಮಾಡ್ಬಾರ್ದು ಅಂತೀರಲ್ಲ?”

ಪಾಠ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕೊಂಚ ಹೊತ್ತು ಸುಮ್ಮನೆ ನಿಂತೆ. ಆಮೇಲೆ ಎರಡೂ ಬಗೆಯ ಕಾರಣಗಳನ್ನು ಹಲಗೆಯ ಮೇಲೆ ಬರೆದು, ಇವುಗಳಲ್ಲಿ ಯಾವುದು ಮೋಸ ಎಂದು ಅವರನ್ನೇ ಕೇಳಿದೆ. ಚರ್ಚೆ ಹತ್ತು ನಿಮಿಷ ನಡೆಯಿತು. ಅಂಚಿನ ಸ್ಪಷ್ಟತೆಯನ್ನು ನೋಡಿ ಆರಿಸುವವನಿಗೆ ಒಳಗೆ ಏನು ಕಾಣಬೇಕೆಂಬ ಆಸೆ ಇರಬೇಕಿಲ್ಲ. ಗುರು ದುಂಡಗಿದೆ ಎಂದಷ್ಟೇ ತಿಳಿದಿದ್ದರೆ ಸಾಕು. ಕಲೆಯನ್ನು ಹುಡುಕಿ ಆರಿಸುವವನು ಉತ್ತರ ಮೊದಲೇ ಬರೆದಿಟ್ಟುಕೊಂಡಿದ್ದಾನೆ. ನಿಯಮ ಮೊದಲು, ಆಯ್ಕೆ ಆಮೇಲೆ ಎಂಬಲ್ಲಿಗೆ ಅವರೇ ಬಂದರು.

ಆಗ ಮಾತ್ರ ನನ್ನ ಪುಟ್ಟ ಗುರುವಿನ ಚಿತ್ರ ತೋರಿಸಿದೆ. ಅದರ ಅಂಚಿಗೆ ಒಂದು ತೆಳುವಾದ ಬಿಳಿ ಗೆರೆ ಇತ್ತು. ಇದು ನಿಜವೇ ಎಂದು ಕೇಳಿದೆ. ವಿಡಿಯೊದ ಮೊದಲರ್ಧದಿಂದ ಒಂದು, ಎರಡನೆಯರ್ಧದಿಂದ ಒಂದು ಚಿತ್ರ ಮಾಡಿ ಹೋಲಿಸೋಣ ಎಂದು ಒಬ್ಬಳು ಸೂಚಿಸಿದಳು. ಲ್ಯಾಪ್‌ಟಾಪಿನಲ್ಲಿ ಅಲ್ಲೇ ಮಾಡಿದೆವು. ಗೆರೆ ಎರಡರಲ್ಲೂ ಬಂತು, ಪಟ್ಟಿಗಳೂ ಬಂದವು. ಹಾಗಾದರೆ ಗೆರೆಯೂ ನಿಜ ಎಂದು ತರಗತಿ ತೀರ್ಮಾನಿಸಿತು. ಹರಿತಗೊಳಿಸುವ ಪ್ರಮಾಣವನ್ನು ಮೆಲ್ಲನೆ ಇಳಿಸಿದೆ. ಗೆರೆ ಕರಗಿಹೋಯಿತು, ಪಟ್ಟಿಗಳು ಮಸುಕಾಗಿಯಾದರೂ ಉಳಿದವು. ಎರಡು ಸಲ ಒಂದೇ ತಪ್ಪು ಮಾಡಿದರೆ ಎರಡು ಸಲವೂ ಅದೇ ಉತ್ತರ ಬರುತ್ತದೆ ಎಂದು ಹಿಂದಿನ ಬೆಂಚಿನವನು ಹೇಳಿದ. ನಾನು ಹೇಳಬೇಕಿದ್ದ ಮಾತು ಅದು.

ಮೊದಲ ಪ್ರಶ್ನೆ ಕೇಳಿದ ಹುಡುಗಿಗೆ ಉತ್ತರ ಬಾಕಿ ಇತ್ತು. ಅವತ್ತು ತೋರಿಸಿದ್ದು ಗಾಳಿಯ ಹೊರಗಿರುವ ದೊಡ್ಡ ದೂರದರ್ಶಕದ ಚಿತ್ರ. ‘ಇದನ್ನೇ’ ನೋಡುತ್ತೀರಿ ಎಂದದ್ದು ನನ್ನ ತಪ್ಪು ಎಂದು ತರಗತಿಯ ಮುಂದೆ ಹೇಳಿದೆ. ಅವಳು ತಲೆಯಾಡಿಸಿ, ಹಿತ್ತಲಿನ ಚಿತ್ರವನ್ನು ಪುಸ್ತಕದಲ್ಲಿ ಅಂಟಿಸಲು ಒಂದು ಪ್ರತಿ ಕೇಳಿದಳು.

ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ಸಮಯ ಮೀರಿದ್ದಕ್ಕೂ ಉದ್ದೇಶಕಥನ ತಡವಾಗಿದ್ದಕ್ಕೂ ಅಂಕ ಕಳೆದರು. ಅದು ನ್ಯಾಯವೇ. ಮೌಲ್ಯಮಾಪನದ ಪ್ರಶ್ನೆಗಳಿಗೆ ಉಳಿದದ್ದು ಎರಡು ನಿಮಿಷ. ಆದರೆ ನನಗೆ ಹೆಚ್ಚು ನಾಟಿದ್ದು ಸಹಪಾಠಿಯೊಬ್ಬಳ ವೀಕ್ಷಣಾ ಹಾಳೆ. ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ನಾನು ಜಾಗ, ಕನ್ನಡಿ ತಣಿಸಿದ ಅವಧಿ, ಗ್ರಹದ ಎತ್ತರ ಮೂರನ್ನೂ ಒಟ್ಟಿಗೇ ಬದಲಿಸಿದ್ದೆ, ರಾತ್ರಿಯಂತೂ ಬೇರೆಯೇ. ಹೀಗಿದ್ದೂ ತರಗತಿಯಲ್ಲಿ “ತಾರಸಿಯಿಂದ ಹಿತ್ತಲಿಗೆ ಬಂದದ್ದರಿಂದ ಚಿತ್ರ ಸುಧಾರಿಸಿತು” ಎಂದು ಹೇಳಿಬಿಟ್ಟಿದ್ದೆ. “ಯಾವ ಚಲಕದಿಂದ ಎಂದು ಹೇಗೆ ಗೊತ್ತು?” ಎಂದು ಅವಳು ಬರೆದಿದ್ದಳು. ಗೊತ್ತಿಲ್ಲ. ಒಂದೇ ರಾತ್ರಿ, ಕನ್ನಡಿ ತಣಿದ ಮೇಲೆ, ಹತ್ತು ನಿಮಿಷದ ಅಂತರದಲ್ಲಿ ಎರಡೂ ಜಾಗದಿಂದ ವಿಡಿಯೊ ತೆಗೆಯಬೇಕಿತ್ತು.

ಮುಂದೆ ಈ ಪಾಠ ಮಾಡುವವರು ಅದನ್ನು ಎರಡು ಅವಧಿಗಳಾಗಿ ಒಡೆಯುವುದು ಒಳ್ಳೆಯದು: ನೀರಿನ ಡಬ್ಬಿ ಮತ್ತು ಫ್ರೇಮುಗಳ ಆಯ್ಕೆ ಒಂದು ದಿನ, ಬಿಳಿ ಗೆರೆಯ ಪರೀಕ್ಷೆ ಮರುದಿನ. ಹಬಲ್ ಚಿತ್ರವನ್ನು ಕೊನೆಗೆ ತೋರಿಸಿ. 20 ಫ್ರೇಮುಗಳ ಹಾಳೆಗಳನ್ನು ದೂರದರ್ಶಕದ ಜೊತೆ ಅದೇ ಬೀರುವಿನಲ್ಲಿ ಇಟ್ಟಿದ್ದೇನೆ. ಮುದ್ರಣದ ಗುರುತಿರುವ ಹಾಳೆಯನ್ನು ಬೇಕೆಂದೇ ತೆಗೆದಿಲ್ಲ.