ಹೃದಯದ ಶಸ್ತ್ರಕ್ರಿಯೆಯೂ ಮೆದುಳಿನ ಕಾವಲೂ

ಕತ್ತಲೆಯ ಕೋಣೆಯಲ್ಲಿ ಉರಿಯುವ ಟಾರ್ಚಿನ ಮುಖಕ್ಕೆ ಬೆರಳುಗಳನ್ನು ಒತ್ತಿ ಹಿಡಿದರೆ ಅವು ಕೆಂಪಾಗಿ ಹೊಳೆಯುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ನೀಲಿ ಹಸುರು ಬಣ್ಣಗಳನ್ನು ರಕ್ತವು ಹೀರಿಕೊಳ್ಳುವುದು. ಕೆಂಪು ಬೆಳಕು ಮಾತ್ರ ಮಾಂಸವನ್ನು ದಾಟಿ ಬರುವುದು. ಈ ಬಾಲಪಾಠವೇ ಇಂದು ಹೃದಯದ ಶಸ್ತ್ರಕ್ರಿಯೆಯಲ್ಲಿ ಮೆದುಳಿಗೆ ಕಾವಲಾಗಿರುವ ಬಗೆಯನ್ನು ಇಲ್ಲಿ ವಿವರಿಸುವೆವು.

ಮೆದುಳು ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೆ ದೇಹವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ಅದನ್ನು ಕೂಡಿಡುವ ಕಣಜವು ಮೆದುಳಿಗಿಲ್ಲ. ಕೆಲವು ನಿಮಿಷ ತಪ್ಪಿದರೂ ಹಾನಿಯುಂಟು. ಹಾಗಾದರೆ ಹೃದಯವನ್ನು ನಿಲ್ಲಿಸಿ ಚಿಕಿತ್ಸೆ ಮಾಡುವುದೆಂತು? 1953ನೆಯ ಇಸವಿ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಜಾನ್ ಗಿಬ್ಬನ್ನರು 18 ವರ್ಷದ ತರುಣಿಯೊಬ್ಬಳ ಹೃದಯ ಶ್ವಾಸಕೋಶಗಳ ಕಾರ್ಯವನ್ನು 26 ನಿಮಿಷ ಯಂತ್ರಕ್ಕೆ ವಹಿಸಿ, ಹೃದಯದೊಳಗಿನ ರಂಧ್ರವನ್ನು ಮುಚ್ಚಿದರು. ಆ ಯಂತ್ರವನ್ನು ರೂಪಿಸುವುದಕ್ಕಾಗಿ ಅವರ ಪತ್ನಿ ಮೇರಿಯವರೂ ಪ್ರಯೋಗಶಾಲೆಯಲ್ಲಿ ಸಮಭಾಗಿಯಾಗಿ ದುಡಿದಿದ್ದರೆಂಬುದನ್ನು ನಮ್ಮ ಬಾಲಕಿಯರು ಅರಿತಿರಲಿ. ಅದೇ ಮೇ ತಿಂಗಳಲ್ಲಿ, ನಮ್ಮ ಮೂಡುಬಿದಿರೆಗೆ ಸಮೀಪದ ಕಿನ್ನಿಗೋಳಿಯಲ್ಲಿ ಜನಿಸಿದ ಡಾಕ್ಟರ್ ದೇವಿಪ್ರಸಾದ ಶೆಟ್ಟಿಯವರು ಮುಂದೆ ಬೆಂಗಳೂರಿನ ಹೊರವಲಯದಲ್ಲಿ ನಾರಾಯಣ ಹೃದಯಾಲಯವನ್ನು ಸ್ಥಾಪಿಸಿ, ಈ ಚಿಕಿತ್ಸೆಯನ್ನು ಅನೇಕ ಬಡವರ ಕೈಗೆಟಕುವಂತೆ ಮಾಡಿದರು.

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಮಾಪಕವನ್ನು ಎಲ್ಲರೂ ಕಂಡಿರುವರು. ಅದಕ್ಕೆ ನಾಡಿಯ ಮಿಡಿತ ಬೇಕು. ಯಂತ್ರವು ಹರಿಯಿಸುವ ರಕ್ತದಲ್ಲಿಯಾದರೋ ಸಾಮಾನ್ಯವಾಗಿ ಮಿಡಿತವಿರುವುದಿಲ್ಲ. ಅಲ್ಲದೆ ಬೆರಳಿನ ವಾರ್ತೆ ಮೆದುಳಿನ ವಾರ್ತೆಯಲ್ಲ. 1977ರಲ್ಲಿ ಅಮೆರಿಕದ ವಿಜ್ಞಾನಿ ಫ್ರಾನ್ಸ್ ಯೋಬ್ಸಿಸರು, ಕೆಂಪಿನಾಚೆಗಿರುವ ಕಣ್ಣಿಗೆ ಕಾಣದ ಬೆಳಕು ತಲೆಬುರುಡೆಯನ್ನೂ ದಾಟಬಲ್ಲುದೆಂದು ತೋರಿಸಿಕೊಟ್ಟರು. ಈಗ ರೋಗಿಯ ಹಣೆಯ ಎರಡು ಕಡೆಗೂ ಪಟ್ಟಿಗಳನ್ನು ಅಂಟಿಸಿ ಆ ಬೆಳಕನ್ನು ಬಿಡುವರು. ಆಮ್ಲಜನಕ ಹೊತ್ತ ರಕ್ತವೂ ಅದನ್ನು ಕಳಕೊಂಡ ರಕ್ತವೂ ಬೆಳಕನ್ನು ಬೇರೆಬೇರೆಯಾಗಿ ಹೀರುವುದರಿಂದ, ಮರಳಿ ಬಂದ ಬೆಳಕನ್ನು ಅಳೆದು ಮಿದುಳಿನ ಸ್ಥಿತಿಯನ್ನು ತಿಳಿಯಬಹುದು. ರೋಗಿಯ ಆರಂಭದ ಅಂಕೆಗಿಂತ ನೂರಕ್ಕೆ 20 ಪಾಲು ಇಳಿಯಿತೆಂದರೆ ವೈದ್ಯರು ಎಚ್ಚರಗೊಂಡು, ತಲೆಯ ಭಂಗಿ, ಕೊಳವೆಗಳು, ರಕ್ತದ ಒತ್ತಡ, ರಕ್ತದ ಪ್ರಮಾಣ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಿ ಸರಿಪಡಿಸುವರು.

ಆದರೂ ಈ ಯಂತ್ರವು ಹಣೆಯ ಹಿಂದಿನ ಭಾಗವನ್ನು ಮಾತ್ರ ಬಲ್ಲದು. ಶಸ್ತ್ರಕ್ರಿಯೆಯ ಬಳಿಕ ತೋರುವ ಮನೋಭ್ರಮೆಯನ್ನು ಇದು ಎಷ್ಟು ತಡೆಯುವುದೆಂಬುದರಲ್ಲಿ ಸಂಶೋಧಕರು ಏಕಾಭಿಪ್ರಾಯಕ್ಕೆ ಬಂದಿಲ್ಲ. ಆದುದರಿಂದ ಕಾವಲು ಶಸ್ತ್ರಾಗಾರದಲ್ಲಿಯೇ ಮುಗಿಯದು. ವೃದ್ಧರಾದ ತಂದೆತಾಯಿಗಳು ಎಚ್ಚರಗೊಂಡು ಊರನ್ನೂ ದಿನವನ್ನೂ ಮರೆತು ಮಾತನಾಡಿದರೆ, ಬುದ್ಧಿಭ್ರಮಣೆಯಾಯಿತೆಂದು ಗೋಳಾಡದೆ ಕೂಡಲೇ ವೈದ್ಯರಿಗೆ ತಿಳಿಸಿರಿ. ಅವರ ಕನ್ನಡಕವನ್ನು ಕೊಡಿರಿ. ಹೆಸರು ಹಿಡಿದು ಮೆಲ್ಲನೆ ಮಾತನಾಡಿಸಿರಿ. ಹಗಲು ಬೆಳಕು ಕಾಣುವಂತೆಯೂ ರಾತ್ರಿ ನಿದ್ದೆ ಬರುವಂತೆಯೂ ನೋಡಿಕೊಳ್ಳಿರಿ. ಅನೇಕರಲ್ಲಿ ಈ ಭ್ರಮೆಯು ಕೆಲವು ದಿನಗಳಲ್ಲಿ ತಿಳಿಯಾಗುವುದು.

ದೀಪದೊಡನೆ ಎಣ್ಣೆಯನ್ನೂ ತಂದು ಎಚ್ಚರವಾಗಿದ್ದ ಕನ್ಯೆಯರ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಎಲ್ಲರೂ ಕಲಿತಿರುವಿರಿ. ಹಣೆಯ ಮೇಲಿನ ಆ ಪುಟ್ಟ ಬೆಳಕೂ, ಹಾಸಿಗೆಯ ಬಳಿ ಕುಳಿತ ಮಗಳೂ ಅದೇ ಎಚ್ಚರದ ಎರಡು ದೀಪಗಳೆಂದು ನಾವು ಭಾವಿಸುವೆವು.