ಆಗಸ್ಟ್ 1ಕ್ಕೆ ಬೋಟಿನ ಬ್ಯಾಟರಿ ಕೈಕೊಡದಿರಲಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕಾ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಂಗಳೂರಿನ ಬೋಳಾರದ ನೇತ್ರಾವತಿ ತೀರದಲ್ಲಾಗಲಿ, ಧಕ್ಕೆಯಲ್ಲಾಗಲಿ, ಕಟ್ಟಿಹಾಕಿದ ಬೋಟಿನ ಬ್ಯಾಟರಿ 61 ದಿನ ತನ್ನಷ್ಟಕ್ಕೇ ಇಳಿಯುತ್ತಿರುತ್ತದೆ. ರಜೆ ಮುಗಿದು ಕೀ ತಿರುಗಿಸಿದಾಗ ಸೆಲ್ಫ್ 'ಟಕ್' ಎಂದು ನಿಂತರೆ ಹೊಸ ಬ್ಯಾಟರಿಗೆ ಓಡಬೇಡಿ. ತಪ್ಪು ಚಾರ್ಜಿಂಗಿನದಾದರೆ ಹೊಸದೂ ಕೆಲವೇ ದಿನಗಳಲ್ಲಿ ಡೌನ್ ಆಗುತ್ತದೆ. ಒಂದು ಸಾದಾ ಮಲ್ಟಿಮೀಟರ್ ಹಿಡಿದು ಕ್ರಮವಾಗಿ ನೋಡುತ್ತ ಹೋಗಿ. ಇಲ್ಲಿನ ಅಳತೆಗಳು 12 ವೋಲ್ಟಿನವು. 24 ವೋಲ್ಟಿನ ಬೋಟಿನಲ್ಲಿ ಎರಡು ಬ್ಯಾಟರಿಗಳನ್ನೂ ಬೇರೆಬೇರೆಯಾಗಿಯೇ ಅಳೆಯಿರಿ.

1. ಎಂಜಿನ್ ನಿಲ್ಲಿಸಿ ಕೆಲವು ಗಂಟೆಗಳಾದ ಮೇಲೆ ಬ್ಯಾಟರಿ ಅಳೆಯಿರಿ. 12.6 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಇಳಿದಿದ್ದರೆ ಮೊದಲು ಚಾರ್ಜಿಗೆ ಹಾಕಿ. ಖಾಲಿ ಬ್ಯಾಟರಿ ಇಟ್ಟುಕೊಂಡು ಡೈನಮೋ ಪರೀಕ್ಷಿಸಿ ಪ್ರಯೋಜನವಿಲ್ಲ.

2. ಚಾರ್ಜ್ ಆದ ಮೇಲೆ ಹೈಡ್ರೋಮೀಟರ್ ಹಾಕಿ. ಐದು ಸೆಲ್ಲಿನಲ್ಲಿ 1250 ಇದ್ದು ಒಂದರಲ್ಲಿ ಮಾತ್ರ 1150 ಬಂದರೆ ಆ ಬ್ಯಾಟರಿಯ ಆಸೆ ಬಿಡಿ. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಳ್ಳಿ ನೀರೂ ಬೇಡ, ಆ್ಯಸಿಡ್ಡೂ ಬೇಡ.

3. ಕರಾವಳಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಟರ್ಮಿನಲ್ ಮತ್ತು ಅರ್ತ್. ಉಪ್ಪುಗಾಳಿ ತಾಮ್ರದ ವಯರನ್ನು ಪ್ಲಾಸ್ಟಿಕ್ಕಿನ ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಸುಲಿದು ನೋಡಿದರೆ ಕಪ್ಪು, ಹಸಿರು. ಅಂಥದ್ದನ್ನು ಕತ್ತರಿಸಿ ಹೊಸ ಲಗ್ ಹಾಕಿಸಿ. ಟರ್ಮಿನಲ್ ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಸೆಲ್ಲಿನ ಮುಚ್ಚಳಗಳನ್ನು ಬಿಗಿದು, ಅಡುಗೆ ಸೋಡಾ ಕದಡಿದ ನೀರಲ್ಲಿ ಉಜ್ಜಿ, ಒರೆಸಿ, ಬಿಗಿಮಾಡಿದ ಮೇಲೆ ವ್ಯಾಸಲೀನ್ ಸವರಿ. ಎಂಜಿನ್ ಕೋಣೆಯಲ್ಲಿ ಬೀಡಿ ಹಚ್ಚಲೇಬೇಡಿ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಒಂದು ಕಿಡಿ ಸಾಕು.

4. ಬೆಲ್ಟನ್ನು ಎಂಜಿನ್ ನಿಂತಿರುವಾಗ ಹೆಬ್ಬೆರಳಿನಿಂದ ಒತ್ತಿ. ಸುಮಾರು ಅರ್ಧ ಇಂಚು ಬಗ್ಗಿದರೆ ಸರಿ.

5. ಈಗ ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿಯ ಮೇಲೆ ಅಳೆಯಿರಿ. 13.8ರಿಂದ 14.4 ಬರಬೇಕು. ಎಂಜಿನ್ ಓಡುತ್ತಿದ್ದರೂ 12.5ರಲ್ಲೇ ನಿಂತಿದ್ದರೆ ಚಾರ್ಜ್ ಹೋಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಅದು ಬ್ಯಾಟರಿಯ ನೀರನ್ನೆಲ್ಲ ಕುದಿಸಿ ಆರಿಸುತ್ತದೆ. ಕಡಿಮೆ ಬಂದಾಗ ಇನ್ನೊಂದು ಅಳತೆ ತೆಗೆದುಕೊಳ್ಳಿ: ಡೈನಮೋದ ದಪ್ಪ ವಯರಿನ ಬೋಲ್ಟಿನ ಮೇಲೆ. ಅಲ್ಲಿ 14.2 ಇದ್ದು ಬ್ಯಾಟರಿಯಲ್ಲಿ 13 ಇದ್ದರೆ ದಾರಿಯಲ್ಲಿನ ವಯರೇ ಕಳ್ಳ, ಡೈನಮೋ ಬಿಚ್ಚುವುದು ಬೇಡ. ಅಲ್ಲೂ ಕಡಿಮೆಯಿದ್ದರೆ ಮಾತ್ರ ಬಿಚ್ಚಿಸಿ ಕಾರ್ಬನ್, ಡಯೋಡ್, ರೆಗ್ಯುಲೇಟರ್ ತೋರಿಸಿ.

6. ಕೀ ಹಾಕಿದಾಗ ಚಾರ್ಜಿಂಗ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದಾಗ ಆರಬೇಕು. ಮೊದಲೇ ಹತ್ತದಿದ್ದರೆ ಆ ಸಣ್ಣ ಬಲ್ಬ್ ನೋಡಿ. ಎಷ್ಟೋ ಎಂಜಿನ್‌ಗಳಲ್ಲಿ ಡೈನಮೋ ಎಚ್ಚರವಾಗುವುದೇ ಅದರ ಮೂಲಕ ಬರುವ ಕರೆಂಟಿನಿಂದ.

7. ಓಡುತ್ತಿರುವ ಎಂಜಿನ್ನಿನಲ್ಲಿ ಬ್ಯಾಟರಿ ವಯರ್ ಕಳಚಿ 'ಟೆಸ್ಟ್' ಮಾಡಲು ಯಾರಿಗೂ ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡ್ ಸುಡುತ್ತದೆ, ಜಿಪಿಎಸ್ ಮತ್ತು ವೈರ್‌ಲೆಸ್ ಕೂಡ ಹೋಗಬಹುದು.

8. ಮುಂದಿನ ರಜೆಗೆ ಬ್ಯಾಟರಿಯನ್ನು ಬೋಟಿನಿಂದ ಇಳಿಸಿ ಒಣ ಜಾಗದಲ್ಲಿಡಿ. ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. 100 ಆಂಪಿಯರ್-ಅವರ್ ಬ್ಯಾಟರಿಗೆ 10 ಆಂಪಿಯರ್ ಸಾಕು.

ಕಡಲಿನಲ್ಲಿ ಬ್ಯಾಟರಿ ಸತ್ತರೆ ಎಂಜಿನ್ ಒಂದೇ ಅಲ್ಲ, ವೈರ್‌ಲೆಸ್ಸೂ ದೀಪವೂ ಸಾಯುತ್ತವೆ. ಮೊದಲ ಟ್ರಿಪ್ಪಿಗೆ ಐಸ್, ಡೀಸೆಲ್ ತುಂಬಿಸುವ ಮೊದಲೇ ಈ ಅಳತೆಗಳನ್ನು ಬೋಟು ನಡೆಸುವ ತಾಂಡೇಲರ ಎದುರಿನಲ್ಲೇ ಮಾಡಿಸಿ.